ಬಾಗಿಲಲ್ಲಿ ಕೂತ ಶನಿವಾರಗಳು

ಮಗಳು ಓಡಿದ್ದನ್ನು ಮೊದಲು ಬರೆದುಬಿಡುತ್ತೇನೆ. ಅದನ್ನು ಬರೆಯದೆ ಉಳಿದದ್ದಕ್ಕೆ ಕೈ ಹಾಕಲು ನನ್ನಿಂದ ಆಗುವುದಿಲ್ಲ.

ಹಲಸೂರಿನ ಗಲ್ಲಿಯೊಂದರಲ್ಲಿ ಒಂದು ಹಳೆಯ ಮನೆ. ಕೆಂಪು ಗಾರೆಯ ನೆಲ, ಮುಂದೆ ಜಗುಲಿ, ಜಗುಲಿ ಇಳಿದರೆ ಕೈಯಗಲದ ಅಂಗಳ, ಅದಕ್ಕೊಂದು ಕಬ್ಬಿಣದ ಗೇಟು. ಆ ಮನೆಯ ಹಾಲಿನಲ್ಲಿ ಶನಿವಾರ ಬೆಳಿಗ್ಗೆ ಆರು ಮಕ್ಕಳು ಸೇರುತ್ತಿದ್ದರು. ಮಾತು ಬಾರದ ಮಕ್ಕಳು, ಮಿಕ್ಸರ್ ಸದ್ದಿಗೆ ಕಿವಿ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಳ್ಳುವ ಮಕ್ಕಳು, ಯಾರಾದರೂ ಮುಟ್ಟಿದರೆ ಬಿಸಿ ತಾಗಿದ ಹಾಗೆ ಕೈ ಎಳೆದುಕೊಳ್ಳುವ ಮಕ್ಕಳು. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಕೊಡುವ ಥೆರಪಿ ವಾರದ ಮಧ್ಯೆ ಇರುತ್ತಿತ್ತು. ಶನಿವಾರ ಮಾತ್ರ ಎಲ್ಲರೂ ಒಟ್ಟಿಗೆ. ಅದನ್ನು ನಾವೆಲ್ಲ ಗ್ರೂಪು ಎನ್ನುತ್ತಿದ್ದೆವು. ನನ್ನ ಮಗಳಿಗೆ ಆಗ ಐದು ವರ್ಷ. ಅವಳು ಮಾತಾಡುತ್ತಿರಲಿಲ್ಲ.

ಆ ಶನಿವಾರ ನಾನು ಜಗುಲಿಯ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ಮೊಮ್ಮಗನನ್ನು ಕರೆತರುವ ಹಲಸೂರಿನ ತಾತ. ಅವರ ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ. ಚಿಕ್ಕಂದಿನಲ್ಲಿ ಹಲಸೂರು ಕೆರೆಯಲ್ಲಿ ಈಜಿ ಅಪ್ಪನಿಂದ ಒದೆ ತಿಂದದ್ದನ್ನು ಅವರು ಹೇಳುತ್ತಿದ್ದರು. ಒಳಗೆ ಆಟ ನಡೆದಿತ್ತು. ಯಾರೋ ಏನೋ ಅಂದರು, ಮಕ್ಕಳು ನಕ್ಕರು. ಆಮೇಲೆ ನನ್ನ ಮೊಣಕಾಲಿಗೆ ನೀಲಿ ಬಟ್ಟೆಯೊಂದು ಸವರಿಕೊಂಡು ಹೋಯಿತು. ಅದು ಮಗಳ ಫ್ರಾಕು ಎಂದು ನನಗೆ ಹೊಳೆದದ್ದು ಗೇಟು ಬಡಿದುಕೊಂಡಾಗ.

ನಾನು ಎದ್ದು ಓಡಿದೆ. ಗಲ್ಲಿ ಉದ್ದವಿಲ್ಲ. ಅದರ ತುದಿಯಲ್ಲಿ ದೊಡ್ಡ ರಸ್ತೆ, ಶಿವಾಜಿನಗರದ ಕಡೆಗೆ ಹೋಗುವ ಬಸ್ಸುಗಳ ರಸ್ತೆ. ಮುಂದೆ ನೀಲಿ ಫ್ರಾಕಿನ ಬೆನ್ನು ಹೋಗುತ್ತಿತ್ತು. ನಾನು ಕೂಗಿದೆ. ಅವಳು ತಿರುಗಲಿಲ್ಲ. ಹೆಸರು ಕರೆದರೆ ತಿರುಗುವುದನ್ನು ಅವಳು ಇನ್ನೂ ಕಲಿತಿರಲಿಲ್ಲ. ಗಲ್ಲಿ ಮುಗಿದ ಮೇಲೂ ಅವಳ ಕಾಲು ನಿಲ್ಲಲಿಲ್ಲ. ಆಟೋ ಒಂದು ಬ್ರೇಕು ಹಾಕಿದ ಸದ್ದು ಕೇಳಿತು. ಆಟೋದ ಮುಂದಿನ ಚಕ್ರಕ್ಕೂ ಅವಳಿಗೂ ನಡುವೆ ನಾನೊಬ್ಬ ನಿಲ್ಲುವಷ್ಟು ಜಾಗ ಇರಲಿಲ್ಲ. ನಾನು ಪಕ್ಕದಿಂದ ಕೈ ಹಾಕಿ ಅವಳನ್ನು ಎತ್ತಿಕೊಂಡೆ.

ಅವಳು ಅಳಲಿಲ್ಲ. ನನ್ನ ಹೆಗಲ ಮೇಲಿಂದ ರಸ್ತೆಯನ್ನೇ ನೋಡುತ್ತಿದ್ದಳು.

ಡ್ರೈವರ್ ಇಳಿದು ಬಂದ. "ಏನ್ ಸಾರ್, ಮಗೂನ ಹಿಂಗಾ ಬಿಡೋದು? ನಡುರೋಡಲ್ಲಿ ನಿಂತ್ಕೊಂಡು ನಂಗೆ ಕೈ ಅಡ್ಡ ಹಾಕ್ತಾಳೆ. ಯಾರೋ ಬಾಡಿಗೆ ಸಿಕ್ಕಿದ್ರು ಅನ್ಕೊಂಡೆ ನಾನು!" ಎಂದು ಬೈದ. ಆಮೇಲೆ ನನ್ನ ಮುಖ ನೋಡಿದ. ಸೀಟಿನ ಕೆಳಗಿಂದ ನೀರಿನ ಬಾಟಲಿ ತೆಗೆದುಕೊಟ್ಟು, "ಕುಡೀರಿ ಮೊದ್ಲು. ಏನೂ ಆಗಿಲ್ಲ. ಕುಡೀರಿ ಸಾರ್" ಎಂದ. ಕೈ ಅಡ್ಡ ಹಾಕಿದಳು ಎಂಬುದನ್ನು ಕುಹಕವೆಂದುಕೊಂಡು ನಾನು ಅಲ್ಲಿಗೇ ಬಿಟ್ಟೆ.

ಹಳೇ ಮದ್ರಾಸ್ ರಸ್ತೆಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡುವುದು ನನ್ನ ಕೆಲಸ. ಕೈ ಸ್ಥಿರವಾಗಿರಬೇಕು. ಮುಂದಿನ ಸೋಮವಾರ ಅಳತೆಯ ಕಡ್ಡಿ ಹಿಡಿದು ಕೂತೆ. ಒಂದೇ ತುಂಡನ್ನು ಮತ್ತೆಮತ್ತೆ ಅಳೆದೆ, ಪ್ರತಿ ಸಲವೂ ಬೇರೆ ಅಳತೆ ಬಂತು.

ಗ್ರೂಪು ನಮಗೆ ಏನಾಗಿತ್ತು ಎಂದು ಇಲ್ಲಿ ಹೇಳಬೇಕು.

ನಾವು ಗದಗದ ಕಡೆಯವರು, ಮನೆ ಕೆ.ಆರ್. ಪುರದಲ್ಲಿ. ಹೆಂಡತಿ ಖಾಸಗಿ ಶಾಲೆಯೊಂದರಲ್ಲಿ ಟೀಚರು. ಶನಿವಾರ ಅವಳಿಗೆ ಅರ್ಧ ದಿನ ಶಾಲೆ ಇರುವುದರಿಂದ ಮಗಳನ್ನು ಕರೆದೊಯ್ಯುವುದು ನನ್ನ ಪಾಲಿಗೆ ಬಂದಿತ್ತು. ಮಗಳು ಬೇರೆ ಮಕ್ಕಳ ಹತ್ತಿರ ಹೋಗುತ್ತಿರಲಿಲ್ಲ. ಓಣಿಯ ಹುಡುಗಿಯರು ಕೈ ಹಿಡಿಯಲು ಬಂದರೆ ಕಚ್ಚುತ್ತಿದ್ದಳು. ಹುಟ್ಟುಹಬ್ಬಕ್ಕೆ ಕರೆಯುವುದನ್ನು ಜನ ಬಿಟ್ಟರು, ನಾವೂ ಹೋಗುವುದನ್ನು ಬಿಟ್ಟೆವು. ಗ್ರೂಪಿಗೆ ಸೇರಿಸಿದ ಮೊದಲ ತಿಂಗಳೆಲ್ಲ ಅವಳು ಹಾಲಿನ ಮೂಲೆಯಲ್ಲಿ ಬೆನ್ನು ತಿರುಗಿಸಿಕೊಂಡು ಕೂತಿದ್ದಳಂತೆ. ಆಮೇಲೆ ದೋಸೆ ಆಟ ಅವಳನ್ನು ಎಳೆದುಕೊಂಡಿತು.

ದೋಸೆ ಆಟ ಎಂದರೆ ಇಷ್ಟೇ. ದಪ್ಪ ಜಮಖಾನದ ಮೇಲೆ ಒಂದು ಮಗು ಮಲಗುತ್ತದೆ. ಉಳಿದವರು ಸುತ್ತ ಕೂತು ಹಿಟ್ಟು ಹೊಯ್ಯುತ್ತಾರೆ, ಎಣ್ಣೆ ಬಿಡುತ್ತಾರೆ, ಪಲ್ಯ ಇಡುತ್ತಾರೆ. ಎಲ್ಲವೂ ಬರಿಗೈಯಲ್ಲಿ. ಆಮೇಲೆ ಜಮಖಾನವನ್ನು ತಲೆ ಹೊರಗೆ ಬಿಟ್ಟು ಬಿಗಿಯಾಗಿ ಸುತ್ತಿ, ಎಲ್ಲರೂ ಅಂಗೈಯಿಂದ ಮೆಲ್ಲಗೆ ಒತ್ತುತ್ತಾರೆ. ಹಗುರವಾಗಿ ತಾಗುವ ಕೈ ಇಂಥ ಮಕ್ಕಳಿಗೆ ಮುಳ್ಳಿನ ಹಾಗೆ, ಒತ್ತಿ ಹಿಡಿಯುವ ಭಾರ ಮಾತ್ರ ಹಿತ, ಎಂದು ಥೆರಪಿಸ್ಟ್ ಮೇಡಂ ನಮಗೆ ತಿಳಿಸಿದ್ದರು. ನನ್ನ ಮಗಳು ದೋಸೆಯಾಗಿ ಸುತ್ತಿಸಿಕೊಂಡು ಕಣ್ಣು ಮುಚ್ಚಿ ಮಲಗುತ್ತಿದ್ದಳಂತೆ. ಅದಕ್ಕಿಂತ ಹೆಚ್ಚಿನದು, ಬೇರೆ ಮಗು ಮಲಗಿದಾಗ ತಾನೂ ಹೋಗಿ ಕೂತು ಒತ್ತುತ್ತಿದ್ದಳಂತೆ. ನಮ್ಮ ಮನೆಯಲ್ಲಿ ಅದು ದೊಡ್ಡ ಸುದ್ದಿ. ಹೆಂಡತಿ ಊರಿಗೆ ಫೋನ್ ಮಾಡಿ, "ಅತ್ತಿ, ಇಕಿ ಇನ್ನೊಬ್ರ ಮಕ್ಕಳನ್ನ ಮುಟ್ಯಾಳ್ರೀ" ಎಂದು ಹೇಳಿ ಅತ್ತಿದ್ದಳು.

ಇದೆಲ್ಲ 'ಅಂತೆ' ಯಾಕೆಂದರೆ ನಾವು ಯಾರೂ ಒಳಗೆ ಇರುವಂತಿರಲಿಲ್ಲ. ಅಪ್ಪ ಅಮ್ಮ ಕಣ್ಣಿಗೆ ಬಿದ್ದರೆ ಮಕ್ಕಳು ಒಬ್ಬರನ್ನೊಬ್ಬರು ನೋಡುವುದಿಲ್ಲ ಎಂಬ ಕಾರಣಕ್ಕೆ ಪಾಲಕರು ಜಗುಲಿಯಲ್ಲೇ ಇರಬೇಕು. ವಾರಕ್ಕೊಬ್ಬರು ಮಾತ್ರ ಸರದಿಯ ಮೇಲೆ ಒಳಗೆ ಹೋಗಿ ಮೇಡಂಗೆ ಕೈಜೋಡಿಸುತ್ತಿದ್ದರು. ಸರದಿಗೆ ಬರುತ್ತಿದ್ದವರೆಲ್ಲ ತಾಯಂದಿರು. ತಾತ ಮತ್ತು ನಾನು ಜಗುಲಿಯ ಖಾಯಂ ಗಿರಾಕಿಗಳು.

ಹಾಲಿನ ಬಾಗಿಲು ಹಾಕಿಡಬಹುದಿತ್ತಲ್ಲ ಎಂದು ಕೇಳಬಹುದು. ಹಾಕುವಂತಿರಲಿಲ್ಲ. ಶಿವಾಜಿನಗರದಿಂದ ಬರುವ ಒಬ್ಬ ಹುಡುಗನಿಗೆ ಮುಚ್ಚಿದ ಬಾಗಿಲು ಕಂಡರೆ ಉಸಿರು ಕಟ್ಟುತ್ತಿತ್ತು. ಮೈಯೆಲ್ಲ ಬೆವತು, ತಲೆಯನ್ನು ಬಾಗಿಲಿಗೇ ಚಚ್ಚಿಕೊಳ್ಳುತ್ತಿದ್ದ. ಮನೆಯಲ್ಲಿ ಅವನಿಗಾಗಿ ಬಚ್ಚಲಿಗೂ ಪರದೆ ಕಟ್ಟಿದ್ದಾರೆಂದು ಅವನ ತಾಯಿ ಹೇಳಿದ್ದರು. ಗೇಟಿಗೆ ಚಿಲಕವೇನೋ ಇತ್ತು, ಆದರೆ ನನ್ನ ಮಗಳ ಬೆರಳಿಗೆ ಯಾವ ಚಿಲಕವೂ ಲೆಕ್ಕಕ್ಕಿಲ್ಲ. ಬೀಗ ಹಾಕಿದರೂ ಆ ಹುಡುಗನ ಕಣ್ಣಿಗೆ ಅದು ಬೀಳುತ್ತಿತ್ತು. ಒಂದು ಮಗುವಿಗೆ ತೆರೆದ ಬಾಗಿಲು ಬೇಕು, ಇನ್ನೊಂದು ಮಗು ತೆರೆದ ಬಾಗಿಲಿನಿಂದ ಓಡುತ್ತದೆ. ಇಬ್ಬರಿಗೂ ಇರುವುದು ಅದೇ ಒಂದು ಹಾಲು.

ಓಡಿದ್ದು ಅದೇ ಮೊದಲಲ್ಲ ಎಂದು ಆ ದಿನ ಮೇಡಂ ಹೇಳಿದಾಗ ನನಗೆ ತಿಳಿಯಿತು. ಹಿಂದೆಯೂ ಕೆಲವು ಸಲ ಹೊಸ್ತಿಲವರೆಗೆ ಹೋಗಿದ್ದಳಂತೆ, ಅವರು ಹಿಡಿದು ತಂದಿದ್ದರಂತೆ. ಮೇಡಂ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಮೂವತ್ತು ದಾಟಿದ, ಮೆಲ್ಲಗೆ ಮಾತಾಡುವ ಹೆಣ್ಣುಮಗಳು.

"ಸರ್, ನಾನು ನಿಮ್ಗೆ ಸುಳ್ಳು ಹೇಳಲ್ಲ. ಇನ್ನೊಂದ್ಸಲ ಹೀಗಾದ್ರೆ ಪುಟ್ಟೀನ ಗ್ರೂಪಲ್ಲಿ ಇಟ್ಕೊಳ್ಳೋಕೆ ನಂಗೆ ಧೈರ್ಯ ಇಲ್ಲ. ಒಬ್ಬಳಿಗೇ ಬೇಕಾದ್ರೆ ಮಾಡ್ತೀನಿ. ವಾರದ ಮಧ್ಯೆ ಬನ್ನಿ."

"ಒಬ್ಬಾಕಿಗೇ ಅಂದ್ರ ದೋಸಿ ಆಟ ಹೆಂಗ್ರಿ ಮೇಡಂ?" ಎಂದೆ. ನನ್ನ ಬಾಯಿಂದ ಬಂದದ್ದು ಅದೊಂದೇ.

ಅವರು ಕಾಫಿಯ ಲೋಟವನ್ನು ನನ್ನ ಕಡೆ ಸರಿಸಿದರು. "ಒಂದ್ ವಿಷ್ಯ ಗಮನಿಸಿದೀನಿ. ಎಲ್ಲಾ ವಾರ ಓಡಲ್ಲ ಅವ್ಳು. ಅವನ ಅಮ್ಮ ಒಳಗಿದ್ದಾಗ ಮಾತ್ರ" ಎಂದರು. ಅವನು ಎಂದರೆ ಆ ಶಿವಾಜಿನಗರದ ಹುಡುಗ.

ಅಡುಗೆಮನೆಗೆ ಬಾಗಿಲಿರಲಿಲ್ಲ, ಪರದೆ ಇತ್ತು. ಆ ತಾಯಿ ಪರದೆಯ ಆಚೆ ಮಗನ ಚಪ್ಪಲಿ ಹುಡುಕುತ್ತಿದ್ದರು. ಅವರಿಗೆ ಕೇಳಿಸಿತು. ಪರದೆ ಸರಿಸಿ, "ನನ್ನಿಂದಾನಾ?" ಎಂದರು. ಅವರ ಮನೆಯವರದು ರಸೆಲ್ ಮಾರ್ಕೆಟ್ ಹತ್ತಿರ ಬಟ್ಟೆ ಅಂಗಡಿ. ಸಿಕ್ಕಾಪಟ್ಟೆ ಮಾತಿನ ಹೆಂಗಸು, ಜಗುಲಿಯಲ್ಲಿ ಅವರಿದ್ದರೆ ತಾತನಿಗೂ ಬಾಯಿ ತೆರೆಯಲು ಸಂದಿ ಸಿಗುತ್ತಿರಲಿಲ್ಲ. ಆ ದಿನ ತಲೆ ತಗ್ಗಿಸಿಕೊಂಡು ಹೋದರು.

ಆ ರಾತ್ರಿ ಊಟ ಬಡಿಸುವಾಗ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬಡಿಸುವುದನ್ನು ಬಿಟ್ಟು ಮಲಗಿದ್ದ ಮಗಳ ಹತ್ತಿರ ಹೋಗಿ ಅವಳ ಪಾದ ಹಿಡಿದುಕೊಂಡು ಕೂತಳು. "ನೀವ ಬಾಗ್ಲಾಗ ಕುಂದರ್ರಿ. ಅವ್ರು ಏನರ ಅನ್ಲಿ. ಬಾಗ್ಲಾಗ ಕುಂದರ್ರಿ ನೀವು" ಎಂದಳು.

ಮೇಡಂ ಒಪ್ಪಿದರು. ಹುಡುಗನಿಗೆ ಬಾಗಿಲು ತೆರೆದೇ ಇರುತ್ತದೆ, ಮಗಳಿಗೆ ದಾರಿ ಇರುವುದಿಲ್ಲ. ಆದರೆ ನಾನು ಅವಳನ್ನು ಕರೆಯಬಾರದು, ನಗಬಾರದು, ಕಣ್ಣು ಕೂಡಿಸಬಾರದು. "ನೀವು ಮನುಷ್ಯ ಅಲ್ಲ ಸರ್, ಬಾಗಿಲು" ಎಂದರು. ಹೊಸ್ತಿಲ ಮೇಲೆ ಅಡ್ಡಡ್ಡ ಕಾಲು ಚಾಚಿ ಕೂತೆ. ತಾತ ಹಿಂದಿನಿಂದ, "ಸಾರ್, ನಿಮ್ಗೆ ಬಣ್ಣ ಹೊಡ್ಸಿ ಕಾಲಿಂಗ್ ಬೆಲ್ ಇಡ್ಲಾ?" ಎಂದರು.

ಮೊದಲ ಎರಡು ವಾರ ಬೇರೆ ತಾಯಂದಿರ ಸರದಿ. ಮಗಳು ಹೊಸ್ತಿಲ ಕಡೆ ಬರಲೇ ಇಲ್ಲ. ಆ ವಾರಗಳಲ್ಲಿ ನಾನು ನೋಡಿದ್ದನ್ನು ದೇವರು ನನಗೆಂದೇ ಇಟ್ಟಿದ್ದ ಎನಿಸುತ್ತದೆ. ಅವಳು ಇನ್ನೊಂದು ಮಗುವಿನ ಬೆನ್ನ ಮೇಲೆ ಅಂಗೈ ಇಟ್ಟು, ಕುತ್ತಿಗೆ ಓರೆ ಮಾಡಿ, ಒಳಗೇನಾದರೂ ಕೇಳಿಸುತ್ತದೆಯೇ ಎಂದು ಆಲಿಸುವವಳ ಹಾಗೆ ಒತ್ತುತ್ತಿದ್ದಳು.

ಆಮೇಲೆ ಶಿವಾಜಿನಗರದ ತಾಯಿಯ ಸರದಿ ಬಂತು. ಅವರು ಜಗುಲಿಯಿಂದ ಏಳಲಿಲ್ಲ.

"ನಾನ್ ಬರಲ್ಲ ಮೇಡಂ. ಬೇರೆ ಯಾರ್ನಾದ್ರೂ ಕರೀರಿ. ನನ್ನ ಬುರ್ಖಾ ನೋಡಿ ಹೆದ್ರುತ್ತೇನೋ ಮಗು. ಕಪ್ಪು ಬಟ್ಟೆ ಅಲ್ವಾ." ಆಮೇಲೆ ನನ್ನ ಕಡೆ ತಿರುಗಿ, "ಭಯ್ಯಾ, ಬೇಕಾದ್ರೆ ಬಾಗ್ಲು ಹಾಕ್ಸಿ. ನಾನ್ ಮಗನ್ನ ಕರ್ಕೊಂಡ್ ಹೊರಗೇ ಇರ್ತೀನಿ. ಒಂದ್ ಗಂಟೆ ಅಲ್ವಾ, ಕೆರೆ ತೋರಿಸ್ಕೊಂಡ್ ಬರ್ತೀನಿ" ಎಂದರು.

ಮೇಡಂ ಬಿಡಲಿಲ್ಲ. "ನೀವೇ ಬರ್ಬೇಕು. ನೀವು ಬರ್ದಿದ್ರೆ ಏನಾಗ್ತಿದೆ ಅಂತ ಗೊತ್ತಾಗೋದ್ ಹೇಗೆ?"

ಅವರು ಬುರ್ಖಾ ತೆಗೆದು ಹಾಲಿನ ಗೂಟಕ್ಕೆ ನೇತುಹಾಕಿ, ಹಳದಿ ದುಪಟ್ಟಾ ಸರಿಮಾಡಿಕೊಂಡು ಒಳಗೆ ಕೂತರು. ನನ್ನ ಮಗಳು ಎದ್ದಳು. ಅವಳು ಗೂಟದ ಹತ್ತಿರ ಹೋಗಿ, ನೇತಾಡುತ್ತಿದ್ದ ಕಪ್ಪು ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಂಡು, ದೀರ್ಘವಾಗಿ ಮೂಸಿದಳು. ಹೊಸ ಬಟ್ಟೆಯ ಗಂಜಿಯ ವಾಸನೆ, ಅತ್ತರಿನ ವಾಸನೆ. ಮತ್ತೊಮ್ಮೆ ಮೂಸಿ ಬಂದು ತನ್ನ ಜಾಗದಲ್ಲಿ ಕೂತಳು. ಆ ತಾಯಿ ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡರು. ಹೆದರಿಕೆಯಂತೂ ಅಲ್ಲ ಎಂದು ಅಲ್ಲಿಗೆ ಇತ್ಯರ್ಥವಾಯಿತು.

ದೋಸೆ ಆಟ ಶುರುವಾಯಿತು. ಅವರ ಮಗನೇ ಜಮಖಾನದೊಳಗೆ. ಮಕ್ಕಳು ಒತ್ತಿದರು, ನನ್ನ ಮಗಳು ಅವನ ಭುಜದ ಹತ್ತಿರ ಕೂತು ಒತ್ತಿದಳು. ಅವನು ಕಾಲು ಆಡಿಸಿದ. ಇನ್ನು ಬಿಡಿ ಎನ್ನಲು ಅವನಿಗಿದ್ದ ಗುರುತು ಅದು. ತಾಯಿ ಕೈ ಬೀಸಿ, "ಬಸ್, ಬಸ್, ಬಸ್!" ಎಂದರು.

ಮಗಳು ತಟ್ಟನೆ ಎದ್ದಳು. ಗೋಡೆಯ ಬದಿಗೆ ಹೋಗಿ ಚಪ್ಪಲಿಗೆ ಕಾಲು ತೂರಿಸಿದಳು. ಓಡಿ ಬಂದಳು, ನೇರವಾಗಿ ನನ್ನ ಕಡೆಗೆ.

ಅದುವರೆಗೆ ಓಡುವಾಗ ನಾನು ಅವಳ ಬೆನ್ನನ್ನು ಮಾತ್ರ ನೋಡಿದ್ದೆ. ಈಗ ಮುಖ ನೋಡಿದೆ. ಅವಳು ನಗುತ್ತಿದ್ದಳು. ಎಡಗೈಯಿಂದ ನನ್ನ ಬೆರಳು ಹಿಡಿದು ಎಳೆದಳು, ಬಲಗೈಯನ್ನು ಭುಜದ ಮಟ್ಟಕ್ಕೆ ಚಾಚಿ, ಅಂಗೈ ಬಿಡಿಸಿ, ಮೇಲೆ ಕೆಳಗೆ ಆಡಿಸಿದಳು. ಅದು ನನ್ನ ಕೈ. ಪ್ರತಿ ಶನಿವಾರ ಕೆ.ಆರ್. ಪುರದ ಸ್ಟಾಪಿನಲ್ಲಿ ನಾನು ಚಾಚುವ ಕೈ.

ಮೆಟ್ರೋದಲ್ಲಿ ಬಾಗಿಲು ಮುಚ್ಚುವ ಮೊದಲು ಬರುವ ಕೀಚು ಸದ್ದು ಅವಳಿಗೆ ಆಗದು. ಅದಕ್ಕೇ ನಾವು ಬಸ್ಸಿನಲ್ಲಿ ಬರುತ್ತಿದ್ದೆವು. ಇಂಜಿನ್ನಿನ ಪಕ್ಕದ ಸೀಟಿನಲ್ಲಿ ಕೂತು, ಆ ನಡುಕವನ್ನು ಮೈತುಂಬ ತೆಗೆದುಕೊಳ್ಳುತ್ತ ಬರುವುದು ಅವಳ ವಾರದ ಹಬ್ಬ. ಆದರೆ ಕೆ.ಆರ್. ಪುರದಲ್ಲಿ ಬಸ್ಸು ಸ್ಟಾಪಿನಲ್ಲಿ ನಿಲ್ಲುವುದಿಲ್ಲ. ಆಟೋಗಳ ಸಾಲು ದಾಟಿ ಎಲ್ಲೋ ಮುಂದೆ ನಿಲ್ಲುತ್ತದೆ, ಓಡಿದವರಿಗೆ ಮಾತ್ರ ಸಿಗುತ್ತದೆ. ಹಾಗಾಗಿ ನಾನು ಅವಳಿಗೆ ಕಲಿಸಿದ್ದೆ. ನಾನು "ಬಸ್!" ಎಂದ ಕೂಡಲೇ ಚಪ್ಪಲಿ ಸರಿಮಾಡಿಕೊಂಡು, ನನ್ನ ಬೆರಳು ಹಿಡಿದು, ಓಡಬೇಕು. ಎಷ್ಟೋ ಪಾಠಗಳನ್ನು ಎಷ್ಟೋ ಜನ ಅವಳಿಗೆ ಹೇಳಿಕೊಟ್ಟಿದ್ದರು. ಒಂದು ಮಾತಿಗೆ ತಪ್ಪದೆ ಒಂದು ಕೆಲಸ ಮಾಡುವುದನ್ನು ಅವಳು ಕಲಿತದ್ದು ಇದೊಂದನ್ನೇ.

"ಅಕ್ಕಾರ," ಎಂದೆ ಆ ತಾಯಿಗೆ. "ನೀವು ಈಗ ಏನಂದ್ರಿ?"

"ನಾನಾ? ಏನೂ ಅನ್ಲಿಲ್ವಲ್ಲಾ... ಬಸ್ ಅಂದೆ."

"ಬಸ್ ಅಂದ್ರ?"

"ಬಸ್ ಅಂದ್ರೆ ಬಸ್. ನಮ್ಮ ಉರ್ದೂಲಿ ಸಾಕು ಅಂತ."

ಮೇಡಂ ಕೈಯಲ್ಲಿದ್ದ ದಿಂಬನ್ನು ಕೆಳಗಿಟ್ಟರು.

ಮಾತು ತಡವಾದಾಗ ಯಾರೋ ಒಬ್ಬರು, ಮನೆಯಲ್ಲಿ ಒಂದೇ ಭಾಷೆ ಆಡಿ ಎಂದಿದ್ದರು. ನಾವು ಹಾಗೇ ನಡೆದಿದ್ದೆವು. ಟೀವಿಯನ್ನೂ ಕನ್ನಡಕ್ಕೇ ಕಟ್ಟಿಹಾಕಿದ್ದೆವು. ಅನ್ನ ಹಾಕುವಾಗ, ನೀರು ಹೊಯ್ಯುವಾಗ ಅವಳು ಕೇಳಿದ್ದು "ಸಾಕು" ಒಂದೇ. ಬಸ್ ಎಂದರೆ ಅವಳಿಗೆ ನೀಲಿ ಬಣ್ಣದ, ನಡುಗುವ, ಓಡಿ ಹಿಡಿಯಬೇಕಾದ ವಸ್ತು, ಅಷ್ಟೇ. ಆಟೋ ಡ್ರೈವರ್ ಹೇಳಿದ್ದರಲ್ಲಿ ಕುಹಕ ಇರಲಿಲ್ಲ. ಅವಳು ನಡುರಸ್ತೆಯಲ್ಲಿ ನಿಂತು ನಿಜವಾಗಿಯೂ ಕೈ ಅಡ್ಡ ಹಾಕಿದ್ದಳು. ಬರದಿದ್ದ ಬಸ್ಸಿಗೆ.

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಇದನ್ನು ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ಆ ತಾಯಿ ನಗಲು ಶುರುಮಾಡಿದ್ದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. "ಯಾ ಅಲ್ಲಾ! ನನ್ನ ಕಂಡಕ್ಟರ್ ಮಾಡ್ಬಿಟ್ಟಿದ್ದಾಳೆ ರೀ ನಿಮ್ ಮಗ್ಳು! ನಾನೇನೋ ನನ್ ಮುಖಾನೇ ಸರಿ ಇಲ್ಲ ಅನ್ಕೊಂಡು ಮೂರ್ ವಾರದಿಂದ ಮನೇಲಿ ಊಟ ಬಿಟ್ಟಿದೀನಿ!"

ಜಗುಲಿಯಿಂದ ತಾತ ಕತ್ತು ಚಾಚಿದರು. "ನಮ್ದು ವಾಸಿ. ನಾವು ಸಾಕು ಅನ್ನೋಕೆ ಪೋದುಂ ಅಂತೀವಿ."

"ಅದ್ರಲ್ಲೂ ಪೋ ಇದ್ಯಲ್ಲಾ ತಾತ, ಹೋಗು ಅಂತ," ಎಂದರು ಆ ತಾಯಿ. "ನೀವ್ ಒಳಗಿದ್ದಿದ್ರೂ ಓಡ್ತಿತ್ತು ಮಗು!"

ಮಗಳು ಇನ್ನೂ ನನ್ನ ಬೆರಳು ಎಳೆಯುತ್ತಿದ್ದಳು. ಎಲ್ಲರೂ ನಗುವುದು, ಯಾರೂ ಏಳದಿರುವುದು ಅವಳಿಗೆ ಅರ್ಥವಾಗಲಿಲ್ಲ. ಬಸ್ಸು ತಪ್ಪುತ್ತದೆಂದು ಅಳಲು ಶುರುಮಾಡಿದಳು. ನಾನು ಅವಳನ್ನು ಎತ್ತಿಕೊಂಡು ಗಲ್ಲಿಯ ತುದಿಗೆ ಹೋದೆ. ಬಸ್ಸೊಂದು ಬಂತು, ಹೋಯಿತು. ತೋರಿಸಿಕೊಂಡು ವಾಪಸು ಬಂದೆ.

ಗೊತ್ತಾದ ಮಾತ್ರಕ್ಕೆ ಮುಗಿಯಲಿಲ್ಲ. "ಇನ್ಮೇಲೆ ಸಾಕು ಅಂತೀನಿ ಬಿಡಿ" ಎಂದರು ಆ ತಾಯಿ. ಆದರೆ ಅವರ ಮಗನಿಗೆ ಸಾಕು ಎಂದರೆ ಏನೂ ಅಲ್ಲ. ಒತ್ತುವ ಕೈ ತೆಗೆಯಬೇಕೆಂದು ಅವನಿಗೆ ತಿಳಿಯುತ್ತಿದ್ದದ್ದು ಬಸ್ ಒಂದರಿಂದಲೇ. ಅವನಿಗೆ ಆ ಮಾತು ಬೇಕು, ನನ್ನ ಮಗಳಿಗೆ ಅದು ಬೇಡ. ಬಾಗಿಲಿನ ಕಥೆಯೇ ಮತ್ತೆ. ಮೇಡಂ, ಮಾತು ಯಾವುದಾದರೂ ಇರಲಿ, ಹೇಳುವವರು ಎರಡೂ ಅಂಗೈಯನ್ನು ಮಕ್ಕಳಿಗೆ ಕಾಣುವಂತೆ ಎತ್ತಬೇಕು ಎಂದರು. ಅಂಗೈ ಕಂಡರೆ ಎಲ್ಲರ ಕೈಯೂ ಮೇಲೆ. ಅದು ಮೂರು ಮನೆಮಾತಿನ ಮಕ್ಕಳಿಗೂ ಒಂದೇ. "ಬಸ್ ಅನ್ನೋದನ್ನ ನಾವು ಅವಳಿಂದ ಬಚ್ಚಿಡೋಕಾಗಲ್ಲ ಸರ್. ಬೆಂಗಳೂರಲ್ವಾ. ಅದಕ್ಕೆ ಇನ್ನೊಂದು ಅರ್ಥಾನೂ ಇದೆ ಅಂತ ಕಲೀಲಿ."

ಮನೆಯಲ್ಲಿ ನಾವೂ ಶುರುಮಾಡಿದೆವು. ಹೆಂಡತಿ ಅನ್ನ ಬಡಿಸುವಾಗ ನಾನು ಎರಡೂ ಅಂಗೈ ಎತ್ತಿ "ಬಸ್" ಎನ್ನಬೇಕು. ಗದಗದವನ ಬಾಯಲ್ಲಿ ಮೊದಲು ಸಾಕು ಎಂದೇ ಬಂದುಬಿಡುತ್ತಿತ್ತು. ಸ್ಟಾಪಿನಲ್ಲಿ ಮಾತ್ರ ಬರೀ "ಬಸ್" ಎನ್ನುವುದನ್ನು ಬಿಟ್ಟು, "ಬಂತು ನೋಡವಾ ಬಸ್ಸು" ಎಂದು ಬೆರಳು ತೋರಿಸಿ ಹೇಳತೊಡಗಿದೆ. ಮೊದಮೊದಲು ಊಟದ ನಡುವೆ ಮಗಳು ಎದ್ದು ಚಪ್ಪಲಿ ಹುಡುಕುತ್ತಿದ್ದಳು. ಹೆಂಡತಿ ಹಿಡಿದು ಕೂರಿಸಿ ತಟ್ಟೆ ತೋರಿಸುತ್ತಿದ್ದಳು. ಆಮೇಲೆ ಎದ್ದು ನಿಂತು ಬಾಗಿಲು ನೋಡಿ ತಾನೇ ಕೂರುತ್ತಿದ್ದಳು. ಆಮೇಲೊಂದು ದಿನ ಏಳಲಿಲ್ಲ. ಬಾಗಿಲನ್ನು ನೋಡಿದಳು, ನನ್ನ ಅಂಗೈಯನ್ನು ನೋಡಿದಳು, ತುತ್ತು ಬಾಯಿಗಿಟ್ಟಳು. ಹೆಂಡತಿ ಸೌಟು ಹಿಡಿದುಕೊಂಡೇ ನಿಂತಿದ್ದಳು. "ನೋಡಿದ್ರೇನ್ರಿ?" ಎಂದಳು. ನೋಡಿದ್ದೆ. ಹಾಗಿದ್ದರೂ ಇನ್ನೊಮ್ಮೆ ಬಡಿಸು ಎಂದೆ. ಇಬ್ಬರಿಗೂ ನಂಬಿಕೆ ಬರಲು ಆ ರಾತ್ರಿ ನಾನು ಹೊಟ್ಟೆಗಿಂತ ಹೆಚ್ಚು ಅನ್ನ ತಿಂದೆ.

ಗ್ರೂಪಿನಲ್ಲಿ ಅಷ್ಟು ಸುಲಭವಾಗಿರಲಿಲ್ಲ. ಶಿವಾಜಿನಗರದ ತಾಯಿ ಪ್ರತಿ ಶನಿವಾರವೂ ತಾವೇ ಒಳಗೆ ಬರುವುದಾಗಿ ಹೇಳಿದರು, ಬಂದರು. ತಮ್ಮ ಸರದಿಯಲ್ಲದ ವಾರವೂ ಬಂದರು. ಅಂಗಡಿಯಲ್ಲಿ ಶನಿವಾರವೇ ಗಿರಾಕಿ ಜಾಸ್ತಿ ಎಂದು ನನಗೆ ಆಮೇಲೆ ತಿಳಿಯಿತು. ಅವರು ನನ್ನ ಮಗಳ ಎದುರೇ ಕೂತು, ಅಂಗೈ ಎತ್ತಿ, ದೊಡ್ಡ ಕಣ್ಣು ಬಿಟ್ಟು, "ಬಸ್" ಎಂದು ನಿಧಾನವಾಗಿ ಹೇಳುತ್ತಿದ್ದರು. ಮಗಳು ಏಳುತ್ತಿದ್ದಳು, ಹೊಸ್ತಿಲಿಗೆ ಬರುತ್ತಿದ್ದಳು. ನಾನು ಬಾಗಿಲು. ನನ್ನ ಕಾಲಿಗೆ ತಾಗಿ ನಿಂತು ಹಿಂದಕ್ಕೆ ನೋಡುತ್ತಿದ್ದಳು. ಅವರ ಅಂಗೈಗಳು ಇನ್ನೂ ಮೇಲೆಯೇ ಇರುತ್ತಿದ್ದವು, ಕೈ ಸೋತರೂ ಇಳಿಸುತ್ತಿರಲಿಲ್ಲ. ಒಂದು ಶನಿವಾರ ಅವಳು ಅರ್ಧ ದಾರಿಗೇ ನಿಂತಳು. ಇನ್ನೊಂದು ಶನಿವಾರ ಚಪ್ಪಲಿಯ ಹತ್ತಿರ ಹೋಗಿ, ಹಾಕಿಕೊಳ್ಳದೆ ತಿರುಗಿದಳು. ಮಧ್ಯೆ ಒಂದು ವಾರ ಜ್ವರ ಬಂದು ಹೋಗಲಿಲ್ಲ, ಅದರ ಮುಂದಿನ ವಾರ ಎಲ್ಲ ಮರೆತವಳಂತೆ ಮತ್ತೆ ನನ್ನ ಕಾಲಿನವರೆಗೆ ಓಡಿ ಬಂದಳು. ಆ ತಾಯಿ, "ಇರ್ಲಿ ಭಯ್ಯಾ, ಡಿಪೋಗೆ ಹೋಗಿತ್ತು ಗಾಡಿ, ಮತ್ತೆ ಬರುತ್ತೆ" ಎಂದರು.

ಅವರಿಗೆ ನಾನು ಧನ್ಯವಾದ ಹೇಳಿದ್ದೇನೆ, ಒಮ್ಮೆ, ಜಗುಲಿಯಲ್ಲಿ, ಕೈ ಮುಗಿದು. ಅವರು, "ಸುಮ್ನಿರಿ ನೀವು. ನನ್ ಮಗನಿಗೋಸ್ಕರ ನೀವ್ ಬಾಗ್ಲಾಗಿದೀರಲ್ಲ" ಎಂದರು. ಅದನ್ನು ನಾನು ಆ ರೀತಿ ನೋಡಿರಲಿಲ್ಲ. ಮಗಳಿಗಾಗಿ ಕೂತಿದ್ದೇನೆ ಎಂದುಕೊಂಡಿದ್ದೆ. ಅವರ ಮಗ ಆಟದ ನಡುವೆ ಆಗಾಗ ತಲೆ ಎತ್ತಿ, ನನ್ನ ತಲೆಯ ಮೇಲಿಂದ ಕಾಣುವ ಬೆಳಕನ್ನು ನೋಡಿಕೊಂಡು, ಮತ್ತೆ ಆಟಕ್ಕೆ ಬಗ್ಗುತ್ತಿದ್ದ. ಆಮೇಲಿಂದ ಅವನು ತಲೆ ಎತ್ತಿದಾಗಲೆಲ್ಲ ನಾನು ಕತ್ತು ಸ್ವಲ್ಪ ಬಗ್ಗಿಸಿ ಅವನಿಗೆ ದಾರಿ ಬಿಡುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮಗಳು ಎದ್ದು ಓಡುವುದನ್ನು ಬಿಟ್ಟಿದ್ದಳು. ಬಸ್ ಎಂದಾಗ ಅವಳ ಮೈಯಲ್ಲಿ ಒಂದು ಸಣ್ಣ ಅಲುಗಾಟ ಬರುತ್ತಿತ್ತು, ಕಣ್ಣು ಅಂಗೈಗೆ ಹೋಗುತ್ತಿತ್ತು, ಜಮಖಾನದ ಮೇಲಿಂದ ಅವಳ ಎರಡೂ ಕೈ ಬೇರೆ ಮಕ್ಕಳ ಕೈಯೊಂದಿಗೆ ಮೇಲೇಳುತ್ತಿದ್ದವು. ಇನ್ನೂ ಮಾತಾಡಿಲ್ಲ. ಹೆಸರು ಕರೆದರೆ ಒಮ್ಮೊಮ್ಮೆ ತಿರುಗುತ್ತಾಳೆ, ಒಮ್ಮೊಮ್ಮೆ ಇಲ್ಲ. ಇರುವುದನ್ನು ಇರುವಷ್ಟೇ ಬರೆಯುತ್ತಿದ್ದೇನೆ.

ಒಂದು ಶನಿವಾರ ನಾನು ಎಂದಿನಂತೆ ಹೊಸ್ತಿಲ ಮೇಲೆ ಕೂರಲು ಹೋದಾಗ ಮೇಡಂ ತಡೆದರು.

"ಬೇಡ ಸರ್. ಹೊರಗೆ ಕೂತ್ಕೊಳ್ಳಿ."

"ಯಾಕ್ರಿ ಮೇಡಂ, ಏನರ ಆತೇನು?"

"ಏನೂ ಆಗಿಲ್ಲ. ಅವಳು ಇರ್ತಾಳೆ. ಗ್ರೂಪಲ್ಲೇ ಇರ್ತಾಳೆ. ನೀವಿದ್ರೆ ಮಾತ್ರ ತೊಂದ್ರೆ ಈಗ. ಒತ್ತೋದ್ ಬಿಟ್ಟು ಮಧ್ಯಮಧ್ಯ ನಿಮ್ಮನ್ನೇ ನೋಡ್ತಾಳೆ." ಆಮೇಲೆ ನಕ್ಕು, "ಗೇಟಿನ ಹತ್ರ ತಾತನ್ನ ಕೂರಿಸ್ತೀನಿ, ನಿಮ್ಗೆ ಸಮಾಧಾನ ಆಗ್ಲಿ ಅಂತ" ಎಂದರು.

ತಾತ ಕುರ್ಚಿಯೊಂದನ್ನು ಗೇಟಿಗೆ ಎಳೆದುಕೊಂಡು ಹೋಗಿ, ಅದಕ್ಕೆ ಬೆನ್ನು ಕೊಟ್ಟು ಕೂತರು. ನಾನು ಜಗುಲಿಯ ಕಟ್ಟೆಯ ಮೇಲೆ ಕೂತೆ. ಹಾಲಿನ ಬಾಗಿಲು ತೆರೆದೇ ಇತ್ತು. ಕಟ್ಟೆಯಿಂದ ಒಳಗಿನದು ಕಾಣುವುದಿಲ್ಲ. ಮೊದಲು ನನ್ನ ಕಿವಿ ಪೂರ್ತಿ ಒಳಗೇ ಇತ್ತು. ಜಮಖಾನ ಬಿಚ್ಚಿದ ಸದ್ದು ಕೇಳಿತು, ಯಾವುದೋ ಮಗು ಮಲಗಿದ್ದು, ಹಿಟ್ಟು ಹೊಯ್ಯುವ ಚುಂಯ್ ಎಂಬ ಬಾಯಿಸದ್ದು. ಶಿವಾಜಿನಗರದ ತಾಯಿ ಏನೋ ಹೇಳಿದರು, ಎಲ್ಲರೂ ನಕ್ಕರು. ನಾನು ನನ್ನ ಮೊಣಕಾಲುಗಳನ್ನು ನೋಡುತ್ತ ಕೂತೆ. ಏನೂ ಸವರಿಕೊಂಡು ಹೋಗಲಿಲ್ಲ.

ತಾತ ಗೇಟಿನಿಂದಲೇ, ಬೆಂಗಳೂರಿನ ಬಿಸಿಲು ಮೊದಲಿನ ಹಾಗಿಲ್ಲ ಎಂದು ಶುರುಮಾಡಿದರು. ನಾನು ಹೌದೆಂದೆ. ಎಷ್ಟು ಹೊತ್ತು ಮಾತಾಡಿದೆವೋ ತಿಳಿಯಲಿಲ್ಲ. ಯಾವುದೋ ಒಂದು ಗಳಿಗೆಯಲ್ಲಿ ನಾನು ಒಳಗಿನದನ್ನು ಆಲಿಸುವುದನ್ನು ಬಿಟ್ಟುಬಿಟ್ಟಿದ್ದೆ.

ಆದ್ದರಿಂದ ಆ ಶನಿವಾರ ಮಗಳು ಯಾರ ಪಕ್ಕ ಕೂತಳು, ಯಾರ ಬೆನ್ನು ಒತ್ತಿದಳು, ಅವಳನ್ನು ಯಾರು ಸುತ್ತಿದರು ಎಂದು ನಾನು ಬರೆಯಲಾರೆ. ನಾನು ನೋಡಲಿಲ್ಲ.